ಎರ್ರಗುಡಿಯ ಶಿಲಾಶಾಸನದಲ್ಲಿ ಅಹಿಂಸೆ ಮತ್ತು ಆತ್ಮರಕ್ಷಣೆ

ಕಳಿಂಗಯುದ್ಧದ ತರುವಾಯ ಅಶೋಕ ಚಕ್ರವರ್ತಿಯು ಖಡ್ಗವನ್ನು ಬಿಸುಟು ಬೌದ್ಧಧರ್ಮವನ್ನು ಅವಲಂಬಿಸಿದನೆಂಬ ಮಾತು ಜನಜನಿತವಾಗಿದೆ. ಈ ಪಾಠವನ್ನು ಕೇಳಿದ ಚುರುಕಾದ ಹುಡುಗನು, 'ಹಾಗಾದರೆ ಶತ್ರುವು ಮೇಲೆ ಬಿದ್ದಾಗ ಏನು ಮಾಡಬೇಕು?' ಎಂದು ಕೇಳದೆ ಇರಲಾರನು. ಪ್ರಶ್ನೆಯು ನ್ಯಾಯವಾದುದೇ. ಉತ್ತರಕ್ಕಾಗಿ ನಾವು ಪಾಟಲಿಪುತ್ರದವರೆಗೆ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಬಂಡೆಗಳ ಮೇಲೆಯೇ ಅದನ್ನು ಕೊರೆದಿರುವರು.

ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಗೆ ಸೇರಿದ್ದು, 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯವು ಉದಯಿಸಿದಾಗ ಕರ್ನೂಲು ಜಿಲ್ಲೆಗೆ ಬಂದುವು. ಇವುಗಳ ನೆರೆಯ ಪತ್ತಿಕೊಂಡ ಸೀಮೆಯಲ್ಲಿ, ಗುತ್ತಿಗೆ ಸುಮಾರು 13 ಕಿಲೋಮೀಟರು ದೂರದಲ್ಲಿ, ಎರ್ರಗುಡಿ ಗ್ರಾಮವಿದೆ. ಇಲ್ಲಿಯ ಬಂಡೆಗಳ ಮೇಲಿನ ಬ್ರಾಹ್ಮೀ ಬರಹವನ್ನು 1929ರಲ್ಲಿ ಭೂವಿಜ್ಞಾನಿ ಅನು ಘೋಷರು ಕಂಡುಹಿಡಿದರು. ಅದಕ್ಕೆ ಮುನ್ನವೇ 1892ರಲ್ಲಿ ಬಿ. ಎಲ್. ರೈಸರು ಬ್ರಹ್ಮಗಿರಿಯ ಶಾಸನವನ್ನು ಬೆಳಕಿಗೆ ತಂದಿದ್ದರು. 1915ರಲ್ಲಿ ಮಸ್ಕಿಯ ಶಾಸನವು ದೊರೆತಿತ್ತು. ಪತ್ತಿಕೊಂಡದ ಬಳಿಯ ರಾಜುಲ ಮಂದಗಿರಿಯಲ್ಲಿಯೂ ಅಶೋಕನ ಲಿಪಿಯುಂಟು. ಆದರೆ ಇವೆಲ್ಲ ಸಣ್ಣ ಶಾಸನಗಳು. ಎರ್ರಗುಡಿಯಲ್ಲಾದರೋ ಹದಿನಾಲ್ಕು ದೊಡ್ಡ ಶಾಸನಗಳ ಜೊತೆಗೆ ಸಣ್ಣವೂ ಇವೆ. ಇದೇ ಇದರ ಹಿರಿಮೆ.

ಶಾಸನವನ್ನು ನೋಡುವ ಮುನ್ನ ಬುದ್ಧನ ಉಪದೇಶವನ್ನು ತಿಳಿಯುವುದು ಅವಶ್ಯ. ಮಜ್ಝಿಮನಿಕಾಯದ ಕಕಚೂಪಮ ಸುತ್ತದಲ್ಲಿ, ಕಳ್ಳರು ಗರಗಸದಿಂದ ಅಂಗಾಂಗಗಳನ್ನು ಕೊಯ್ದರೂ ಭಿಕ್ಷುವು ಮನಸ್ಸಿನಲ್ಲಿ ದ್ವೇಷವನ್ನು ತಾಳಕೂಡದೆಂದು ಹೇಳಿದೆ. ಇದನ್ನಷ್ಟೇ ಓದಿದವರು, ಬೌದ್ಧನು ಪೆಟ್ಟು ತಿನ್ನುತ್ತ ನಿಂತಿರಬೇಕೆಂದು ಭಾವಿಸುವುದುಂಟು. ಆದರೆ ವಿನಯಪಿಟಕವನ್ನು ತೆರೆದು ನೋಡಿದರೆ ಬೇರೊಂದು ವಿಚಾರವು ಗೋಚರಿಸುತ್ತದೆ. ಕೋಪದಿಂದ ಇನ್ನೊಬ್ಬ ಭಿಕ್ಷುವನ್ನು ಹೊಡೆಯುವುದು ಪಾಚಿತ್ತಿಯ ನಿಯಮಗಳಲ್ಲಿ 74ನೆಯದರಂತೆ ದೋಷ. ಅದೇ ನಿಯಮದ ವಿವರಣೆಯಲ್ಲಿ, ಪೀಡೆಗೆ ಸಿಕ್ಕಿದವನು ತಪ್ಪಿಸಿಕೊಳ್ಳಬೇಕೆಂಬ ಉದ್ದೇಶದಿಂದ ಪೆಟ್ಟು ಕೊಟ್ಟರೆ ದೋಷವಿಲ್ಲವೆಂದಿದೆ. ಬೇಕೆಂದೇ ಮನುಷ್ಯನನ್ನು ಕೊಂದ ಭಿಕ್ಷುವಿಗಾದರೋ ಸಂಘದಲ್ಲಿ ಸ್ಥಾನವೇ ಇಲ್ಲ. ಬಿಡಿಸಿಕೊಳ್ಳುವುದು ಬೇರೆ, ಕೊಲ್ಲುವುದು ಬೇರೆ. ಚೇತನೆ, ಅಂದರೆ ಸಂಕಲ್ಪವೇ, ಇಲ್ಲಿ ತೂಕದ ಕಲ್ಲು.

ಇದು ಭಿಕ್ಷುವಿನ ಮಾತಾಯಿತು. ಪ್ರಜೆಗಳನ್ನು ಕಾಯಬೇಕಾದ ಅರಸನ ಗತಿಯೇನು? ಮಗಧದ ಅಜಾತಶತ್ರುವು ಕೋಸಲದ ಪ್ರಸೇನಜಿತನ ಮೇಲೆ ದಂಡೆತ್ತಿ ಬಂದ ಕಥೆ ಸಂಯುತ್ತನಿಕಾಯದಲ್ಲಿದೆ. ಮೊದಲು ಸೋತ ಪ್ರಸೇನಜಿತನು ಮತ್ತೊಮ್ಮೆ ಗೆದ್ದು, ವೈರಿಯನ್ನು ಸೆರೆಹಿಡಿದು, ಅವನ ಸೈನ್ಯವನ್ನೆಲ್ಲ ಕಿತ್ತುಕೊಂಡು, ಜೀವಸಹಿತ ಬಿಟ್ಟುಬಿಟ್ಟನು. ಜಯವು ಹಗೆಯನ್ನು ಹೆರುತ್ತದೆಂಬುದೇ ಈ ಯುದ್ಧಗಳ ಬಗ್ಗೆ ಬುದ್ಧನ ನಿಲುವು. ಗೆದ್ದವನನ್ನೂ ಆತನು ಹೊಗಳಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಈಗ ಎರ್ರಗುಡಿಗೆ ಬರೋಣ. ಹದಿಮೂರನೆಯ ಶಾಸನದಲ್ಲಿ ಅಶೋಕನು, ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾದಾಗ, ಎಂದರೆ ಸುಮಾರು ಕ್ರಿ.ಪೂ. 261ರಲ್ಲಿ, ತಾನು ಗೆದ್ದ ಕಳಿಂಗದ ಲೆಕ್ಕವನ್ನು ಒಪ್ಪಿಸುತ್ತಾನೆ: ಸೆರೆಯೊಯ್ದವರು 1,50,000, ಹತರಾದವರು 1,00,000, ಸತ್ತವರು ಅದರ ಎಷ್ಟೋ ಪಾಲು. ಇದರ ನೂರನೆಯ, ಸಾವಿರದನೆಯ ಭಾಗವೂ ತನಗೆ ಈಗ ದುಃಖಕರವೆನ್ನುತ್ತಾನೆ. ಅಪಕಾರ ಮಾಡಿದವನನ್ನೂ ಕ್ಷಮಿಸಲು ಸಾಧ್ಯವಿರುವಷ್ಟು ಕ್ಷಮಿಸಬೇಕೆಂಬುದು ಆತನ ಮತ. 'ಸಾಧ್ಯವಿರುವಷ್ಟು' ಎಂಬ ಈ ಮಿತಿಯಲ್ಲಿಯೇ ಅರ್ಥವಡಗಿದೆ. ಮುಂದೆ ಅಡವಿಯ ಜನರನ್ನು ಒಲಿಸಿಕೊಳ್ಳುತ್ತ, ಪಶ್ಚಾತ್ತಾಪವಿದ್ದರೂ ತನಗೆ ಬಲವಿದೆಯೆಂದೂ, ಅವರು ಕೊಲೆಗೀಡಾಗದಿರಲೆಂದೂ ಎಚ್ಚರಿಸುತ್ತಾನೆ. ತನ್ನ ಮಕ್ಕಳು ಮೊಮ್ಮಕ್ಕಳು ಹೊಸ ದೇಶಗಳನ್ನು ಗೆಲ್ಲುವ ಯೋಚನೆ ಮಾಡದಿರಲಿ. ಗೆಲ್ಲಲೇಬೇಕಾದರೆ ತಾಳ್ಮೆಯೂ ಲಘುದಂಡವೂ ಇರಲಿ ಎನ್ನುತ್ತಾನೆ.

ಇದರಿಂದ ಅಶೋಕನು ಖಡ್ಗವನ್ನು ಬಿಸುಟನೆನ್ನುವುದಕ್ಕಿಂತ ಒರೆಯಲ್ಲಿಟ್ಟನೆನ್ನುವುದೇ ಸರಿ. ಮೊದಲು ಕ್ಷಮೆ, ಆಮೇಲೆ ಎಚ್ಚರಿಕೆ, ಕಟ್ಟಕಡೆಗೆ ಲಘುವಾದ ದಂಡ—ಇದು ಆತನು ಹಾಕಿಕೊಂಡ ಕ್ರಮ. ಹಾಗೆಂದು ಚಕ್ರವರ್ತಿಯನ್ನು ದೇವರನ್ನಾಗಿ ಮಾಡಬೇಕಾಗಿಲ್ಲ. ಗೆದ್ದ ಕಳಿಂಗವನ್ನು ಆತನು ಹಿಂದಿರುಗಿಸಲಿಲ್ಲ. ಪಶ್ಚಾತ್ತಾಪದ ಈ ಶಾಸನವು ಕಳಿಂಗದ ಧೌಲಿ, ಜೌಗಡಗಳಲ್ಲಿ ಇಲ್ಲ; ಅಲ್ಲಿ ಬೇರೆ ಶಾಸನಗಳನ್ನು ಕೆತ್ತಿಸಿದ್ದಾನೆ. ಅಡವಿಯ ಜನರು ಏನೆಂದುಕೊಂಡರೋ ಅದನ್ನು ಯಾವ ಬಂಡೆಯೂ ಹೇಳುವುದಿಲ್ಲ. ಬಲವಂತರು ಆಡುವ 'ರಕ್ಷಣೆ' ಎಂಬ ಮಾತನ್ನು ಬಲಹೀನರ ಕಿವಿಯಿಂದಲೂ ಕೇಳಿ ನೋಡಬೇಕು.

ಅಹಿಂಸೆಯೆಂದರೆ ಹೇಡಿತನವೆಂದು ಹಳಿಯುವವರೂ, ಆತ್ಮರಕ್ಷಣೆಯ ಹೆಸರಿನಲ್ಲಿ ಹಗೆ ತೀರಿಸಿಕೊಳ್ಳುವವರೂ ಎಲ್ಲ ಕಾಲದಲ್ಲಿಯೂ ಇದ್ದಾರೆ. ಇಬ್ಬರಿಗೂ ಈ ಬಂಡೆಯು ಉತ್ತರ ಕೊಡಬಲ್ಲದು. ಎರಡು ಭಾಷೆಗಳು ಕೂಡುವ ನಮ್ಮ ಗಡಿಸೀಮೆಯಲ್ಲಿ ಜಗಳವು ಕೈಗಿಂತ ಮೊದಲು ನಾಲಗೆಯಲ್ಲಿ ಹುಟ್ಟುತ್ತದೆ. ಎರ್ರಗುಡಿಯ ಹನ್ನೆರಡನೆಯ ಶಾಸನವು ಪರಮತವನ್ನು ಹಳಿಯದಂತೆ ಮಾತನ್ನು ಹಿಡಿತದಲ್ಲಿಡಬೇಕೆನ್ನುವುದು. ಭಾಷೆಯ ವಿಷಯಕ್ಕೂ ಇದು ಸಲ್ಲುತ್ತದೆ. ಅಲ್ಲಿಯ ಸಣ್ಣ ಶಾಸನವು ಪ್ರಾಣಿದಯೆಯನ್ನೂ ಗುರುಭಕ್ತಿಯನ್ನೂ ಒಟ್ಟಿಗೆ ಹೇಳಿ, ಶಿಷ್ಯರಿಗೆ ಇದನ್ನು ಕಲಿಸಬೇಕೆಂದು ಆಜ್ಞಾಪಿಸಿದೆ. ಆ ಆಜ್ಞೆಯು ಉಪಾಧ್ಯಾಯರಾದ ನಮ್ಮ ಪಾಲಿಗೆ ಬಂದಿದೆ. ನಮ್ಮ ಮಕ್ಕಳನ್ನು ಒಂದು ದಿನ ಆ ಬಂಡೆಗಳ ಬಳಿಗೆ ಕರೆದೊಯ್ದು, ಅಕ್ಷರಗಳನ್ನು ಮುಟ್ಟಿ ಸವೆಸದೆ, ಅರ್ಥವನ್ನು ತಿಳಿಸಿ ಬರೋಣ.