ಗೊಣಗುವವರ ಚರಿತ್ರೆ

ಶನಿವಾರ ಬೆಳಿಗ್ಗೆ ಮಾರತ್ತಹಳ್ಳಿ ಬ್ರಿಜ್ ಹತ್ತಿರ ನನ್ನ ಜಪಾನೀ ಕ್ಲಾಸು. ಸೆನ್ಸೇ (ಅಂದ್ರೆ ಟೀಚರ್) ಮುಂದಿನ ಬೆಂಚಿನವರನ್ನು ಪ್ರಶ್ನೆ ಕೇಳಿದ್ರೆ ಹಿಂದಿನ ಬೆಂಚಲ್ಲಿ ನಾನು ಬಾಯೊಳಗೇ ಉತ್ತರ ಗೊಣಗ್ತೀನಿ. ಪಕ್ಕದವನು ಮೊದಲ ವಾರ ವಿಚಿತ್ರವಾಗಿ ನೋಡಿದ, ಎರಡನೇ ವಾರ ಅವನೂ ಶುರು ಹಚ್ಚಿಕೊಂಡ :-) ಜೋರಾಗಿ ಹೇಳೋಕೆ ಮಾತ್ರ ಧೈರ್ಯ ಇಲ್ಲ. "ನೀವು ಬಾಯೇ ಬಿಡಲ್ವಲ್ಲ" ಅಂತ ಸೆನ್ಸೇ ಅಂದ ದಿನ, ಕ್ಲಾಸು ಬಿಟ್ಟುಬಿಡೋಣ ಅನ್ನಿಸಿತ್ತು.

ಆದರೆ ಈ ಗೊಣಗಾಟಕ್ಕೆ ದೊಡ್ಡ ಚರಿತ್ರೆಯೇ ಇದೆ ಮಾರಾಯ್ರೇ! 1923ರಲ್ಲಿ ಸ್ವಿಟ್ಜರ್ಲೆಂಡಿನ ಪಿಯಾಜೆ, ಮಕ್ಕಳು ತಮ್ಮಷ್ಟಕ್ಕೆ ಮಾತಾಡಿಕೊಳ್ಳೋದನ್ನು ಗಮನಿಸಿ, ಅವರಿಗಿನ್ನೂ ಎದುರಿನವರ ಕಣ್ಣಿಂದ ನೋಡೋಕೆ ಬರಲ್ಲ, ಅದಕ್ಕೇ ಹೀಗೆ ಅಂದ. ದೊಡ್ಡವರಾದಂತೆ ಅದು ಬಿಟ್ಟುಹೋಗುತ್ತೆ ಅನ್ನೋ ಲೆಕ್ಕ. ರಷ್ಯಾದ ವೈಗಾಟ್‌ಸ್ಕಿ ಇದನ್ನು ಒಪ್ಪಲಿಲ್ಲ. ಮಕ್ಕಳ ಕೆಲಸಕ್ಕೆ ಬೇಕಂತಲೇ ಅಡ್ಡಿ ಹಾಕಿ ನೋಡಿದ. ಗೊಣಗಾಟ ಹೆಚ್ಚುಕಮ್ಮಿ ಎರಡರಷ್ಟಾಯ್ತು! ಐದೂವರೆ ವರ್ಷದ ಒಬ್ಬ ಹುಡುಗ ಟ್ರಾಮ್ ಬರೀತಿದ್ದಾಗ ಪೆನ್ಸಿಲ್ ಮುರೀತು. "ಮುರಿದೋಯ್ತು" ಅಂತ ತನಗೆ ತಾನೇ ಹೇಳಿಕೊಂಡು, ಬಣ್ಣ ತಗೊಂಡು, ಮುರಿದುಹೋದ ಟ್ರಾಮನ್ನೇ ಬರೆದ. ಅಂದ್ರೆ ಮಾತು ಮುಂದೆ ಹೋಯ್ತು, ಕೈ ಹಿಂದೆ ಬಂತು. ಅದು ಬಿಟ್ಟುಹೋಗಲ್ಲ, ಒಳಗೆ ಇಳಿದು ಯೋಚನೆ ಆಗುತ್ತೆ ಅಂತ ಅವನ ವಾದ. 1934ರಲ್ಲಿ ಪುಸ್ತಕ ಬಂತು, ಅದೇ ವರ್ಷ ಕ್ಷಯದಿಂದ ತೀರಿಕೊಂಡ. ಆಗವನಿಗೆ ಬರೀ 37.

ಇನ್ನು ನಮ್ಮಂಥವರ ಸರದಿ. ಅಮೆರಿಕದ ಏಮಿ ಸ್ನೈಡರ್ ಓಟಾ ಜಪಾನೀ ಕಲಿಯೋರ ಮೈಮೇಲೇ ಮೈಕ್ ಸಿಕ್ಕಿಸಿ ಕ್ಲಾಸಿನ ಪಿಸುಮಾತೆಲ್ಲ ರೆಕಾರ್ಡ್ ಮಾಡಿದ್ರು. 2001ರಲ್ಲಿ ಅವರ ಪುಸ್ತಕ ಬಂತು. ಸುಮ್ಮನೆ ಕೂತಂತೆ ಕಾಣೋರು ಬೇರೆಯವರ ಪ್ರಶ್ನೆಗೆ ಒಳಗೊಳಗೇ ಉತ್ತರ ಹೇಳಿ, ಆಮೇಲೆ ಕಿವಿಗೆ ಬಿದ್ದ ಸರಿ ಉತ್ತರದ ಜೊತೆ ತಾಳೆ ನೋಡಿ ತಿದ್ದಿಕೊಳ್ತಿದ್ರಂತೆ. ಥೇಟ್ ನಾನೇ!

ನಾನು ಮೊದಮೊದಲು ಇಂಗ್ಲಿಷಿನಲ್ಲಿ ಗೊಣಗ್ತಿದ್ದೆ, ಕ್ರಿಯಾಪದ ಎಲ್ಲಿಡೋದು ಅಂತಲೇ ಗೊತ್ತಾಗ್ತಿರಲಿಲ್ಲ. ಒಂದಿನ ಸೆನ್ಸೇ "ಇತ್ತೆ ಕಿಮಾಸು" ಅಂದ್ರು. ಬಾಯಿಗೆ ತಾನಾಗೇ "ಹೋಗಿ ಬರ್ತೀನಿ" ಬಂತು. ಪದಕ್ಕೆ ಪದ ಸರಿ! "ತಬೆತೆ ಮಿರು" ಅಂದ್ರೆ "ತಿಂದು ನೋಡು", ಇಲ್ಲೂ ನೋಡೋದೇ. (ಸುಸುಮು ಓನೊ ಅನ್ನೋ ವಿದ್ವಾಂಸ ಜಪಾನಿಗೂ ತಮಿಳಿಗೂ ನಂಟು ಹಚ್ಚಿದ್ದ, ಹೆಚ್ಚಿನ ಭಾಷಾಶಾಸ್ತ್ರಜ್ಞರು ಒಪ್ಪಲಿಲ್ಲ. ನಂಗೆ ನಂಟು ಬೇಡ, ವಾಕ್ಯ ಕೂಡಿದ್ರೆ ಸಾಕು.)

ಕಳೆದ ಶನಿವಾರ ನನ್ನ ಗೊಣಗಾಟ ಸ್ವಲ್ಪ ಜೋರಾಯ್ತು. ಸೆನ್ಸೇ ತಿರುಗಿ ನೋಡಿ, "ಮೋ ಇಚಿದೊ" ಅಂದ್ರು, ಇನ್ನೊಂದು ಸಲ ಹೇಳಿ ಅಂತ.

ಹೇಳಿದೆ.