ಮಹಾ ಪೀಟರನ ಸುಧಾರಣೆಗಳು ಮತ್ತು ರಷ್ಯದ ಸಭೆಯ ಮೌನ

1700ರ ಅಕ್ಟೋಬರಿನಲ್ಲಿ ಮಾಸ್ಕೋದ ಪೇಟ್ರಿಯಾರ್ಕ್ ಆಡ್ರಿಯನ್ ನಿಧನರಾದರು. ರೂಢಿಯಂತೆ ಅವರ ಪೀಠಕ್ಕೆ ಉತ್ತರಾಧಿಕಾರಿಯೊಬ್ಬರು ಬರಬೇಕಾಗಿತ್ತು. ಸಾರ್ ಪೀಟರನು ಅದಕ್ಕೆ ಎಡೆಗೊಡದೆ, ಸ್ಟೀಫನ್ ಯಾವೊರ್ಸ್ಕಿ ಎಂಬ ವಿದ್ವಾಂಸರನ್ನು ತಾತ್ಕಾಲಿಕ ಮೇಲ್ವಿಚಾರಕರನ್ನಾಗಿ ನೇಮಿಸಿದನು. ತಾತ್ಕಾಲಿಕವೆಂದ ಆ ವ್ಯವಸ್ಥೆ ಇಪ್ಪತ್ತು ವರ್ಷ ನಡೆಯಿತು. ಪೇಟ್ರಿಯಾರ್ಕನ ಪೀಠವು 1917ರವರೆಗೆ ಬರಿದಾಗಿಯೇ ಉಳಿಯಿತು. ಪೀಟರನನ್ನು ಆಧುನಿಕ ರಷ್ಯದ ನಿರ್ಮಾಪಕನೆಂದು ಚರಿತ್ರೆಯ ಪುಸ್ತಕಗಳು ಕೊಂಡಾಡುತ್ತವೆ. ಆ ಬರಿದಾದ ಪೀಠದ ಕಡೆಯಿಂದ ಅವನ ಸಾಧನೆಯನ್ನು ನೋಡುವುದು ಸಭಾಚರಿತ್ರೆಯ ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯ.

ಅವನ ಸುಧಾರಣೆಗಳು ಅನಾವಶ್ಯಕವಾಗಿದ್ದವೆಂದು ನಾವು ಹೇಳಲಾರೆವು. ಪಶ್ಚಿಮದೊಡನೆ ಸಮುದ್ರ ವ್ಯಾಪಾರಕ್ಕೆ ರಷ್ಯಕ್ಕಿದ್ದ ಬಂದರು ಉತ್ತರದ ಅರ್ಖಾಂಗೆಲ್ಸ್ಕ್ ಒಂದೇ. ಅದೂ ವರ್ಷದ ಬಹುಭಾಗ ಹಿಮಗಟ್ಟಿರುತ್ತಿತ್ತು. 1697-98ರಲ್ಲಿ ಪೀಟರನು ಹಾಲೆಂಡ್ ಮತ್ತು ಇಂಗ್ಲೆಂಡುಗಳಿಗೆ ಹೋಗಿ, ಹಡಗುಕಟ್ಟೆಗಳಲ್ಲಿ ಸ್ವತಃ ಬಡಗಿಯಂತೆ ದುಡಿದು ಕಲಿತನು. 1701ರಲ್ಲಿ ಗಣಿತ ಮತ್ತು ನೌಕಾವಿದ್ಯೆಯ ಶಾಲೆ, 1703ರಲ್ಲಿ ಮುದ್ರಿತ ವೃತ್ತಪತ್ರಿಕೆ, ಅದೇ ವರ್ಷ ಸೇಂಟ್ ಪೀಟರ್ಸ್‌ಬರ್ಗ್ ನಗರದ ಅಸ್ತಿವಾರ, 1724ರಲ್ಲಿ ವಿಜ್ಞಾನ ಅಕಾಡೆಮಿಯ ಸ್ಥಾಪನೆಗೆ ಆಜ್ಞೆ: ಹೀಗೆ ಒಂದರ ಹಿಂದೆ ಒಂದು ಬಂದವು. 1722ರ ಶ್ರೇಣಿಪಟ್ಟಿಯು ರಾಜ್ಯಸೇವೆಯನ್ನು 14 ದರ್ಜೆಗಳಾಗಿ ವಿಂಗಡಿಸಿ, ಕುಲೀನರಲ್ಲದವರಿಗೂ ಸೇವೆಯ ಮೂಲಕ ಕುಲೀನ ಪದವಿಗೇರುವ ದಾರಿ ತೆರೆಯಿತು.

ಆದರೆ ಈ ಕಟ್ಟಡದ ಭಾರ ಹೊತ್ತವರು ಬೇರೆಯವರು. ಜೌಗು ನೆಲದಲ್ಲಿ ಹೊಸ ರಾಜಧಾನಿಯನ್ನು ಎಬ್ಬಿಸಲು ಬಲವಂತದಿಂದ ಕರೆತಂದ ರೈತರು ಸಾವಿರಾರು ಸಂಖ್ಯೆಯಲ್ಲಿ ಸತ್ತರು. ಸೈನ್ಯದ ವೆಚ್ಚಕ್ಕಾಗಿ ಕಂದಾಯ ತೆರಬೇಕಾದ ವರ್ಗಗಳ ಪ್ರತಿ ಗಂಡಸಿನ ಮೇಲೆ ತಲೆಗಂದಾಯ ವಿಧಿಸಲಾಯಿತು. ಜೀತದ ರೈತನಿಗೆ ಅದು 74 ಕೊಪೆಕ್‌ಗಳೆಂದು ಗೊತ್ತಾಯಿತು. ರಷ್ಯನ್ ಭಾಷೆಯಲ್ಲಿ ಈ ಕಂದಾಯದ ಹೆಸರು ‘ಆತ್ಮ’ ಎಂಬ ಪದದಿಂದಲೇ ಹುಟ್ಟಿದ್ದು. ದೇವರ ಸ್ವರೂಪವನ್ನು ಹೊತ್ತ ಆತ್ಮವು ಸರಕಾರದ ದಫ್ತರದಲ್ಲಿ ಲೆಕ್ಕದ ಘಟಕವಾಯಿತು. ಮುಂದಿನ ಗಣತಿಯವರೆಗೆ ಸತ್ತವರ ಹೆಸರಿನಲ್ಲಿಯೂ ಕಂದಾಯ ಸಲ್ಲಬೇಕಾಗಿತ್ತು. ಗಣತಿಯ ಪಟ್ಟಿಯಲ್ಲಿ ಜಮೀನ್ದಾರನ ಹೆಸರಿನ ಕೆಳಗೆ ದಾಖಲಾದ ರೈತನ ದಾಸ್ಯವು ಸಡಿಲವಾಗುವ ಬದಲು ಬಿಗಿಯಾಯಿತು.

ಇಂತಹ ಸಮಯದಲ್ಲಿ ಸಭೆಯು ಏನು ಹೇಳಿತು? ಅರಸನ ಎದುರು ನಿಂತು ಮಾತನಾಡುವ ಸಂಪ್ರದಾಯವು ಆ ಸಭೆಗೆ ಹೊಸತಾಗಿರಲಿಲ್ಲ. ನಾಲ್ಕನೆಯ ಇವಾನನ ಕ್ರೌರ್ಯವನ್ನು ಬಹಿರಂಗವಾಗಿ ಖಂಡಿಸಿದ ಮೆಟ್ರೊಪಾಲಿಟನ್ ಫಿಲಿಪ್ಪರು 1569ರಲ್ಲಿ ಕೊಲೆಯಾದರು. ದಂಡನೆಗೆ ಗುರಿಯಾದವರ ಪರವಾಗಿ ಸಾರ್‌ನಲ್ಲಿ ಬಿನ್ನಹ ಮಾಡುವುದು ಸಭಾಧ್ಯಕ್ಷರ ಹಕ್ಕೂ ಹೊಣೆಯೂ ಆಗಿತ್ತು. 1698ರಲ್ಲಿ ದಂಗೆಯೆದ್ದ ಸ್ತ್ರೆಲ್ತ್ಸಿ ಸೈನಿಕರನ್ನು ಪೀಟರನು ಚಿತ್ರಹಿಂಸೆಗೂ ಮರಣಕ್ಕೂ ಗುರಿಮಾಡಿದಾಗ, ವೃದ್ಧ ಆಡ್ರಿಯನ್ ಕನ್ಯೆ ಮರಿಯಳ ಪವಿತ್ರ ಚಿತ್ರಪಟವನ್ನು ಹಿಡಿದು ಕರುಣೆ ಬೇಡಲು ಹೋದರು. ದುಷ್ಟರನ್ನು ಶಿಕ್ಷಿಸಿ ಪ್ರಜೆಗಳನ್ನು ಕಾಯುವುದೇ ದೇವರಿಗೆ ಮೆಚ್ಚಿಕೆಯೆಂಬ ಅರ್ಥದ ಮಾತು ಹೇಳಿ ಅರಸನು ಅವರನ್ನು ಹಿಂದಕ್ಕೆ ಕಳುಹಿಸಿದನು.

ಇದೇ ಆಡ್ರಿಯನ್ ಗಡ್ಡ ಬೋಳಿಸುವುದರ ವಿರುದ್ಧವೂ ಕಟುವಾಗಿ ಬರೆದಿದ್ದರು. ಇಲ್ಲಿ ಸಭೆಯ ಬಲವೂ ದೌರ್ಬಲ್ಯವೂ ಒಟ್ಟಿಗೆ ಕಾಣುತ್ತವೆ. ಸಾಯಲಿದ್ದವರಿಗಾಗಿ ಬೇಡಿಕೊಂಡ ಬಾಯಿ ಮತ್ತು ಗಡ್ಡಕ್ಕಾಗಿ ವಾದಿಸಿದ ಬಾಯಿ ಒಂದೇ ಆಗಿದ್ದುದರಿಂದ, ಎರಡನ್ನೂ ಹಳೆಯ ಕಾಲದ ಹಟವೆಂದು ತಳ್ಳಿಹಾಕುವುದು ಅರಸನಿಗೆ ಸುಲಭವಾಯಿತು.

ಮುಂದಿನದು ಹಂತಹಂತವಾಗಿ ನಡೆಯಿತು. 1700ರ ನಾರ್ವಾ ಸೋಲಿನಲ್ಲಿ ಫಿರಂಗಿಗಳನ್ನು ಕಳೆದುಕೊಂಡ ಪೀಟರನು ದೇವಾಲಯಗಳ ಗಂಟೆಗಳನ್ನು ಇಳಿಸಿ ಕರಗಿಸಿದನು. 1701ರಲ್ಲಿ ಸನ್ಯಾಸಿಮಠಗಳ ಆದಾಯವು ಸರಕಾರದ ಕಚೇರಿಯ ಕೈಸೇರಿತು. 1721ರಲ್ಲಿ ಫಿಯೊಫಾನ್ ಪ್ರೊಕೊಪೊವಿಚ್ ರಚಿಸಿದ ‘ಆಧ್ಯಾತ್ಮಿಕ ನಿಯಮಾವಳಿ’ ಪ್ರಕಟವಾಗಿ, ಪೇಟ್ರಿಯಾರ್ಕನ ಸ್ಥಾನದಲ್ಲಿ ಪವಿತ್ರ ಸಿನೋಡ್ ಎಂಬ ಮಂಡಲಿ ಬಂತು. ಪೇಟ್ರಿಯಾರ್ಕನನ್ನು ಸಾಮಾನ್ಯ ಜನರು ಎರಡನೆಯ ಅರಸನೆಂದು ಭಾವಿಸಿಯಾರು ಎಂಬ ಭಯವನ್ನು ಆ ನಿಯಮಾವಳಿಯು ಮರೆಮಾಚಲಿಲ್ಲ. ಸಾರ್ ಚಕ್ರವರ್ತಿಯೇ ಈ ಮಂಡಲಿಯ ಅಂತಿಮ ನ್ಯಾಯಾಧಿಪತಿಯೆಂದು ಸದಸ್ಯರು ಪ್ರಮಾಣ ಮಾಡಬೇಕಾಗಿತ್ತು. ಮರುವರ್ಷ ಸೇನಾಧಿಕಾರಿಯೊಬ್ಬನು ಅರಸನ ಕಣ್ಣಾಗಿ ಸಿನೋಡಿನ ಮೇಲ್ವಿಚಾರಣೆಗೆ ನೇಮಕಗೊಂಡನು. ಪಾಪನಿವೇದನೆಯಲ್ಲಿ ರಾಜದ್ರೋಹದ ಸಂಕಲ್ಪ ಹೊರಬಿದ್ದರೆ ಯಾಜಕನು ಅದನ್ನು ಅಧಿಕಾರಿಗಳಿಗೆ ತಿಳಿಸಲೇಬೇಕೆಂಬ ವಿಧಿ ಬಂದದ್ದೂ 1722ರಲ್ಲಿಯೇ. ಅದಕ್ಕೆ ಮೊದಲೇ, 1718ರಲ್ಲಿ, ಯುವರಾಜ ಅಲೆಕ್ಸೇಯಿ ತಂದೆಯ ಸೆರೆಯಲ್ಲಿ ಚಿತ್ರಹಿಂಸೆಗೊಳಗಾಗಿ ಸತ್ತಿದ್ದನು. ಅವನ ಪಾಪನಿವೇದನೆಯನ್ನು ಕೇಳುತ್ತಿದ್ದ ಯಾಜಕನಿಗೂ ಮರಣದಂಡನೆಯಾಗಿತ್ತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ನಿಯಮಾವಳಿಯು ಯಾಜಕರ ಮಕ್ಕಳಿಗಾಗಿ ಶಾಲೆಗಳನ್ನು ತೆರೆಯುವಂತೆ ಬಿಷಪರಿಗೆ ಆಜ್ಞಾಪಿಸಿತು; ರಷ್ಯದ ಸೆಮಿನರಿಗಳ ಬೆಳವಣಿಗೆಗೆ ಅದು ಬುನಾದಿಯಾಯಿತು. ಮೂಢನಂಬಿಕೆಯನ್ನೂ ಸುಳ್ಳು ಅದ್ಭುತಗಳನ್ನೂ ಅದು ಖಂಡಿಸಿತು. ಸೆಮಿನರಿಯೊಂದರ ಪತ್ರಿಕೆಯಲ್ಲಿ ಬರೆಯುವ ನಾವು ಇದನ್ನು ಹಗುರವಾಗಿ ಕಾಣಲಾರೆವು. ಆದರೆ ಓದು ಕಲಿತ ಯಾಜಕನು ಯಾರ ಸೇವಕನಾಗಬೇಕೆಂಬುದನ್ನು ನಿರ್ಧರಿಸಿದವನು ಅರಸನು. ಅದರ ಫಲವು ಎರಡು ಶತಮಾನಗಳ ಮೇಲೆ ಹರಡಿತು. 1861ರಲ್ಲಿ ರೈತರ ಜೀತಮುಕ್ತಿಯ ಘೋಷಣೆಗೆ ಮೆಟ್ರೊಪಾಲಿಟನ್ ಫಿಲಾರೆಟರು ಮಾತು ಜೋಡಿಸಿಕೊಟ್ಟರು. ಅದೂ ಅರಸನ ಅಪೇಕ್ಷೆಯ ಮೇರೆಗೆ. 1917ರಲ್ಲಿ ಸಿಂಹಾಸನ ಉರುಳಿದ ಮೇಲೆಯೇ ಸಭೆಯು ಸ್ವತಂತ್ರವಾಗಿ ಕೂಡಿ ಟಿಖೋನರನ್ನು ಪೇಟ್ರಿಯಾರ್ಕರನ್ನಾಗಿ ಆರಿಸಿಕೊಂಡಿತು. ಅಷ್ಟರಲ್ಲಿ ಬಹು ಮಂದಿಗೆ ಸಭೆಯೆಂದರೆ ಹಳೆಯ ಸರಕಾರದ ಇನ್ನೊಂದು ಇಲಾಖೆಯಾಗಿತ್ತು.

ಇಸ್ರಾಯೇಲರು ಅರಸನನ್ನು ಬೇಡಿದಾಗ, ಅವನು ನಿಮ್ಮ ಮಕ್ಕಳನ್ನೂ ಹೊಲಗಳನ್ನೂ ತೆಗೆದುಕೊಳ್ಳುವನೆಂದು ಸಮುವೇಲನು ಎಚ್ಚರಿಸಿದನು. ಆದರೂ ದೇವರು ಅರಸನನ್ನು ಕೊಟ್ಟನು. ಜೊತೆಗೆ ಪ್ರವಾದಿಯನ್ನು ಹಿಂತೆಗೆದುಕೊಳ್ಳಲಿಲ್ಲ. ದಾವೀದನಿಗೆ ನಾತಾನನಿದ್ದನು; ದಾವೀದನ ಹಿರಿಮೆಯು ನಾತಾನನ ಮಾತಿಗೆ ಕಿವಿಗೊಟ್ಟುದರಲ್ಲಿದೆ. ಪೀಟರನು ಹಡಗು, ಶಾಲೆ, ನಗರ ಎಲ್ಲವನ್ನೂ ಕಟ್ಟಿದನು. ನಾತಾನನಿಗೆ ಮಾತ್ರ ಸ್ಥಳವಿಡಲಿಲ್ಲ. ಅಭಿವೃದ್ಧಿಯನ್ನು ಅಭಿವೃದ್ಧಿಯೆಂಬ ಕಾರಣಕ್ಕೆ ವಿರೋಧಿಸುವುದು ಸಭೆಯ ಕೆಲಸವಲ್ಲ. ಅದರ ಕೂಲಿಯನ್ನು ಯಾರ ಮೈಯಿಂದ ವಸೂಲು ಮಾಡಲಾಗುತ್ತಿದೆ ಎಂದು ಕೇಳುವುದು ಸಭೆಯ ಕೆಲಸ. ಉಡುಪು, ಗಡ್ಡ, ಲಿಪಿಗಳಿಗಾಗಿ ನಮ್ಮ ದನಿಯನ್ನು ಸವೆಸಿಕೊಂಡರೆ, ಬಡವನ ಪ್ರಾಣದ ಪ್ರಶ್ನೆ ಬಂದ ದಿನ ಆ ದನಿಗೆ ಕಿವಿಗೊಡುವವರು ಇರಲಾರರು.