ಸೂಳೆಕೆರೆಯ ಏರಿ ಕಲಿಸುವ ಪಾಠ

ಒಂದು ಸರಳ ಪ್ರಶ್ನೆಯಿಂದ ಆರಂಭಿಸೋಣ. ಎರಡು ಕೆರೆಗಳಿವೆ. ಒಂದು ಸಣ್ಣದು, ಇನ್ನೊಂದು ಅದಕ್ಕಿಂತ ಸಾವಿರ ಪಟ್ಟು ವಿಸ್ತಾರವಾದುದು. ಏರಿಯ ಬಳಿ ಎರಡರಲ್ಲೂ ನೀರಿನ ಆಳ ಒಂದೇ. ಯಾವ ಕೆರೆಯ ಏರಿಯ ಮೇಲೆ ಒತ್ತಡ ಹೆಚ್ಚು? ನಿಮ್ಮ ತರಗತಿಯಲ್ಲಿ ಕೇಳಿ ನೋಡಿ. ಬಹುಪಾಲು ಮಕ್ಕಳು ‘ದೊಡ್ಡ ಕೆರೆ’ ಎಂದೇ ಹೇಳುತ್ತಾರೆ. ಸರಿಯಾದ ಉತ್ತರ: ಎರಡರಲ್ಲೂ ಒಂದೇ.

ಈ ಉತ್ತರಕ್ಕೆ ಸಾಕ್ಷಿ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿದೆ. ಅದೇ ಶಾಂತಿಸಾಗರ ಅಥವಾ ಸೂಳೆಕೆರೆ. ಇದು 11-12ನೇ ಶತಮಾನದ ನಿರ್ಮಾಣವೆಂದು ಪ್ರತೀತಿ. ಶಾಂತವ್ವ ಎಂಬ ರಾಜಕುಮಾರಿ ಇದನ್ನು ಕಟ್ಟಿಸಿದಳೆಂದು ಜನಪದ ಕಥೆ ಹೇಳುತ್ತದೆ. ಕೆರೆಯ ವಿಸ್ತೀರ್ಣ ಸುಮಾರು 6,550 ಎಕರೆ, ಅಂದರೆ 2,650 ಹೆಕ್ಟೇರ್. ಜಲಾನಯನ ಪ್ರದೇಶ ಸುಮಾರು 330 ಚದರ ಕಿಲೋಮೀಟರ್. ಇಷ್ಟು ನೀರನ್ನು ತಡೆದಿರುವ ಏರಿಯ ಉದ್ದವಾದರೋ ಕೇವಲ 950 ಅಡಿ, ಸುಮಾರು 290 ಮೀಟರ್!

ಇದು ಹೇಗೆ ಸಾಧ್ಯವಾಯಿತು? ಹರಿದ್ರಾ ಹಳ್ಳ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ ನುಸುಳಿ ತುಂಗಭದ್ರೆಯ ಕಡೆಗೆ ಹರಿಯುತ್ತದೆ. ಕಟ್ಟಿದವರು ಆ ಕಣಿವೆಯ ಬಾಯಿಯನ್ನಷ್ಟೇ ಮುಚ್ಚಿದರು. ಉಳಿದ ದಂಡೆಯನ್ನು ಗುಡ್ಡಗಳೇ ಒದಗಿಸಿದವು.

ದ್ರವದ ಒತ್ತಡ ಅದರ ಆಳ, ಸಾಂದ್ರತೆ ಮತ್ತು ಗುರುತ್ವ ವೇಗೋತ್ಕರ್ಷವನ್ನು ಅವಲಂಬಿಸುತ್ತದೆಯೇ ಹೊರತು ಹರವನ್ನಲ್ಲ. ಯೂರೋಪಿನಲ್ಲಿ ಸೈಮನ್ ಸ್ಟೆವಿನ್ ಇದನ್ನು ಬರೆದು ಪ್ರಕಟಿಸಿದ್ದು 1586ರಲ್ಲಿ. ಸೂಳೆಕೆರೆ ಕಟ್ಟಿದವರ ಬಳಿ ಸೂತ್ರವಿರಲಿಲ್ಲ. ಜಾಗದ ಆಯ್ಕೆಯಲ್ಲಿ ಅನುಭವದ ವಿವೇಕವಿತ್ತು.

ಈಗ ಸ್ವಲ್ಪ ಲೆಕ್ಕ. ಏರಿಯ ಬುಡದಲ್ಲಿ ನೀರಿನ ಆಳ 8 ಮೀಟರ್ ಎಂದಿಟ್ಟುಕೊಳ್ಳಿ. ಒತ್ತಡ ಮೇಲ್ಮೈಯಲ್ಲಿ ಸೊನ್ನೆ, ಬುಡದಲ್ಲಿ ಗರಿಷ್ಠ. ಸರಾಸರಿ ತೆಗೆದುಕೊಂಡರೆ, ಏರಿಯ ಪ್ರತಿ ಒಂದು ಮೀಟರ್ ಉದ್ದದ ಮೇಲೆ ಬೀಳುವ ಬಲ ಸುಮಾರು 3.1 ಲಕ್ಷ ನ್ಯೂಟನ್, ಅಂದರೆ 32 ಟನ್ ತೂಕಕ್ಕೆ ಸಮ. ಆಳ ಎರಡರಷ್ಟಾದರೆ ಈ ಬಲ ನಾಲ್ಕರಷ್ಟಾಗುತ್ತದೆ. ಏರಿಯನ್ನು ಉರುಳಿಸಲೆತ್ನಿಸುವ ಬಲಭ್ರಮಣ ಎಂಟರಷ್ಟಾಗುತ್ತದೆ. ಏರಿ ಗಿಡ್ಡವಾದರೂ ಅಸಾಧಾರಣ ದಪ್ಪವಾಗಿರುವುದು ಏಕೆಂದು ಈಗ ತಿಳಿಯಿತಲ್ಲವೆ?

ಏರಿಯಲ್ಲಿ ಸಿದ್ಧ ಮತ್ತು ಬಸವ ಎಂಬ ಎರಡು ತೂಬುಗಳಿವೆ. 1640ರ ದಶಕದಲ್ಲಿ ಟಾರಿಚೆಲ್ಲಿ ನೀಡಿದ ನಿಯಮದಂತೆ, ಘರ್ಷಣೆಯನ್ನು ಬದಿಗಿಟ್ಟರೆ, 8 ಮೀಟರ್ ಆಳದ ರಂಧ್ರದಿಂದ ನೀರು ಸೆಕೆಂಡಿಗೆ 12.5 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಗಂಟೆಗೆ 45 ಕಿಲೋಮೀಟರ್! ಬರಿಯ ಮಣ್ಣು ಇದನ್ನು ತಾಳಲಾರದು. ಆದ್ದರಿಂದಲೇ ನಮ್ಮ ಹಳೆಯ ಕೆರೆಗಳಲ್ಲಿ ಏರಿ ಮಣ್ಣಿನದಾದರೂ ತೂಬು ಕಲ್ಲಿನದು.

ಶತಮಾನಗಳ ಮಳೆಗಾಲಗಳನ್ನು ಏರಿ ತಡೆದುಕೊಂಡಿದೆ. ಆದರೆ ಅಪಾಯ ಇನ್ನೊಂದು ಕಡೆಯಿಂದ ಬರುತ್ತಿದೆ. ಗುಡ್ಡಗಳ ಮಣ್ಣು ಕೊಚ್ಚಿ ಬಂದು ಕೆರೆಯಲ್ಲಿ ಹೂಳಾಗುತ್ತಿದೆ. ಅಂಚಿನಲ್ಲಿ ಒತ್ತುವರಿಯ ದೂರುಗಳಿವೆ. ಇಡೀ ಕೆರೆಯಲ್ಲಿ ಒಂದು ಮೀಟರ್ ಹೂಳು ತುಂಬಿತೆಂದು ಭಾವಿಸಿ. 2.65 ಕೋಟಿ ಘನ ಮೀಟರ್ ನೀರಿಗೆ ಜಾಗವಿಲ್ಲದಂತಾಗುತ್ತದೆ. ತಲೆಗೆ ದಿನಕ್ಕೆ 135 ಲೀಟರಿನಂತೆ, ಅದು ಐದು ಲಕ್ಷ ಜನರ ಒಂದು ವರ್ಷದ ನೀರು. ಚಿತ್ರದುರ್ಗ ನಗರಕ್ಕೂ ಈ ಕೆರೆಯಿಂದ ಕುಡಿಯುವ ನೀರು ಹೋಗಿದೆ. ಹತ್ತಿರದ ಜಗಳೂರಿನಂಥ ಬರದ ತಾಲ್ಲೂಕಿನವರಿಗೆ ಈ ಲೆಕ್ಕದ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಶಿಕ್ಷಕರೇ, ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಶಾಲೆಗಳಿಗೆ ಸೂಳೆಕೆರೆ ದೂರವೇನಲ್ಲ. ಒಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಏರಿಯನ್ನು ಹೆಜ್ಜೆಯಿಂದ ಅಳೆಯಲಿ, ತೂಬನ್ನು ನೋಡಲಿ. ಬಳಿಕ ಗುಡ್ಡದ ಕಡೆ ತಿರುಗಿ, ಮಣ್ಣು ಎಲ್ಲಿಂದ ಬರುತ್ತಿದೆಯೆಂದು ಹುಡುಕಲಿ. ಏರಿಯನ್ನು ಹಿರಿಯರು ಗಟ್ಟಿಯಾಗಿಯೇ ಕಟ್ಟಿಕೊಟ್ಟಿದ್ದಾರೆ. ಅದರ ಹಿಂದಿನ ಆಳವನ್ನು ಉಳಿಸಿಕೊಳ್ಳಬೇಕಾದವರು ನಾವು.